ಪೀಚೆಕತ್ತಿಗೆ ಪಾಸ್‌ಪೋರ್ಟ್ ಉಂಟೇ?

ಕೊಡವರ ಮದುವೆಯಲ್ಲಿ ಮದುಮಗನನ್ನು ನೋಡಿದ್ದೀರಾ? ಬಿಳಿ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ಚೇಲೆಯಲ್ಲಿ ಸಿಕ್ಕಿಸಿದ ಬೆಳ್ಳಿಯ ಒರೆಯ ಪೀಚೆಕತ್ತಿ. ಅದರ ಬೆಳ್ಳಿ ಸರಪಳಿ ನಡೆದಾಗಲೆಲ್ಲ ಕಿಣಿಕಿಣಿ ಎನ್ನುತ್ತದೆ. ಬಾಳೆದಿಂಡು ಕಡಿಯುವ ಹೊತ್ತಿಗೆ ಅಗಲ ಬಾಯಿನ ಒಡಿಕತ್ತಿಯೂ ಹೊರಗೆ ಬರುತ್ತದೆ. ಒಂದೇ ಏಟಿಗೆ ದಿಂಡು ಎರಡು ತುಂಡಾಗಬೇಕು. ಆಗದಿದ್ದರೆ ಸುತ್ತ ನಿಂತ ನೆಂಟರು ಸುಮ್ಮನಿರುವವರಲ್ಲ!

ಈಗ ಇದೇ ಮದುವೆ ಲಂಡನ್ನಿನಲ್ಲಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಮೊಮ್ಮಗನಿಗೆ ಅಲ್ಲಿ ಕೆಲಸ, ರಜೆ ಸಿಕ್ಕಿಲ್ಲ. ಅಜ್ಜಿ ಐನ್‌ಮನೆಯ ಪೆಟ್ಟಿಗೆಯಿಂದ ಮುತ್ತಾತನ ಪೀಚೆಕತ್ತಿಯನ್ನು ತೆಗೆದು, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಕಾಫಿಪುಡಿ ಮತ್ತು ಕಾಚಂಪುಳಿ ಬಾಟಲಿಯ ಜೊತೆ ಸೂಟ್‌ಕೇಸಿನಲ್ಲಿ ಇಡುತ್ತಾರೆ. ವಿರಾಜಪೇಟೆಯಿಂದ ಮಾಕುಟ್ಟ ಘಟ್ಟ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ. ಬೇಡವೆಂದರೆ ಬೆಂಗಳೂರು ಅಥವಾ ಮಂಗಳೂರು. ಎಲ್ಲಿಂದ ಹತ್ತಿದರೂ ಸ್ಕ್ಯಾನರ್ ಪರದೆಯ ಮೇಲೆ ಆ ಬಾಗಿದ ನೆರಳು ಮೂಡದೆ ಇರುವುದಿಲ್ಲ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಕೊಡಗಿನ ಎಷ್ಟೋ ಮನೆಗಳಿಗೆ ಗೊತ್ತಿರಲೇಬೇಕಾದ ವಿಷಯ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. "ನಮಗೆ ಕೋವಿಗೇ ಲೈಸೆನ್ಸ್ ಬೇಡ, ಕತ್ತಿಗೇಕೆ ಬೇಕು?" ಎನ್ನುವವರಿದ್ದಾರೆ. ಮಾತಿನ ಮೊದಲರ್ಧ ಸರಿಯೇ. 1861ರಲ್ಲಿ ಬ್ರಿಟಿಷರು ಕೊಡಗಿನವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರ ಅಕ್ಟೋಬರ್ ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ರಫ್ತಿಗಲ್ಲ. ವಿಮಾನ ನಿಲ್ದಾಣದ ಮೇಜಿನ ಮುಂದೆ ಕೊಡಗಿನವರೂ ಒಂದೇ, ಕೋಲಾರದವರೂ ಒಂದೇ.

ಕೈಚೀಲದಲ್ಲಿ ಕತ್ತಿ ಇಟ್ಟುಕೊಂಡು ವಿಮಾನ ಹತ್ತುವ ಮಾತಂತೂ ದೂರವೇ ಉಳಿಯಿತು. ಸಿಖ್ ಪ್ರಯಾಣಿಕರಿಗೆ ದೇಶದೊಳಗಿನ ವಿಮಾನಗಳಲ್ಲಿ ಕಿರ್ಪಾಣ್ ಧರಿಸಲು ಅನುಮತಿ ಇದೆ. ಅದೂ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದಿದ್ದರೆ ಮಾತ್ರ. ಉಳಿದವರ ಕತ್ತಿ ಏನಿದ್ದರೂ ಕೆಳಗೆ ಹೋಗುವ ಸಾಮಾನಿನಲ್ಲೇ, ಭದ್ರವಾಗಿ ಸುತ್ತಿಕೊಂಡು.

ನೂರು ವರ್ಷದ ಗೆರೆ

ಸುಂಕದ ಅಧಿಕಾರಿ ಪೆಟ್ಟಿಗೆ ತೆರೆದಾಗ ಅವರ ತಲೆಯಲ್ಲಿ ಓಡುವ ಮೊದಲ ಪ್ರಶ್ನೆ "ಇದು ಹರಿತವೇ?" ಎಂಬುದಲ್ಲ. "ಇದಕ್ಕೆ ವಯಸ್ಸೆಷ್ಟು?" ಎಂಬುದು.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಲೆ, ಕುಶಲಕೆಲಸ ಅಥವಾ ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ವಸ್ತುವಿಗೆ ನೂರು ವರ್ಷ ತುಂಬಿದ್ದರೆ ಅದು ಪ್ರಾಚ್ಯವಸ್ತು. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇಂಥ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ನೇಮಿಸಿದ ಸಂಸ್ಥೆ ಬಿಟ್ಟು ಬೇರೆ ಯಾರೂ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಾರಾಟಕ್ಕಾಗಲಿ ಉಡುಗೊರೆಗಾಗಲಿ ಮೊಮ್ಮಗನ ಮದುವೆಗಾಗಲಿ, ಕಾನೂನಿಗೆ ಎಲ್ಲವೂ ಒಂದೇ. ಮೀರಿದರೆ ವಸ್ತು ಮುಟ್ಟುಗೋಲು. ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳಿನಿಂದ 3 ವರ್ಷದವರೆಗೆ ಜೈಲು, ಜೊತೆಗೆ ದಂಡ.

"ಅಜ್ಜನ ಕತ್ತಿ ನಮ್ಮದೇ ಅಲ್ಲವೇ?" ಎಂದು ಕೇಳಬಹುದು. ಖಂಡಿತ ನಿಮ್ಮದೇ. ಮನೆಯಲ್ಲಿ ಇಟ್ಟುಕೊಳ್ಳಿ, ಪೂಜಿಸಿ, ಮಕ್ಕಳಿಗೆ ಕೊಡಿ. ಗಡಿ ದಾಟಿಸುವ ಹಕ್ಕು ಮಾತ್ರ ನಿಮ್ಮಲ್ಲಿಲ್ಲ.

ಈ ಗೆರೆಯ ಸ್ವಾರಸ್ಯ ಏನೆಂದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ, ಪ್ರತಿ ವರ್ಷ ಒಂದು ಹೆಜ್ಜೆ ಮುಂದೆ ಬರುತ್ತದೆ. 1925ರಲ್ಲಿ ಮಾಡಿಸಿದ ಕತ್ತಿ 2024ರಲ್ಲಿ ಕೇವಲ ಹಳೆಯ ಕತ್ತಿ. 2025ರಲ್ಲಿ ಅದೇ ಕತ್ತಿ ಪ್ರಾಚ್ಯವಸ್ತು. ಪೆಟ್ಟಿಗೆಯಲ್ಲಿ ಮಲಗಿದ್ದ ಕತ್ತಿಗೆ ತಾನು ಬಡ್ತಿ ಪಡೆದದ್ದೇ ಗೊತ್ತಿರುವುದಿಲ್ಲ!

ನೂರು ತುಂಬಿಲ್ಲ ಎಂದು ನಿಮಗೆ ಅನಿಸಿದರೂ ನಿಮ್ಮ ಬಾಯಿಮಾತು ಸಾಲದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಫೋಟೊಗಳ ಜೊತೆ ಅರ್ಜಿ ಕೊಟ್ಟು, ವಸ್ತುವನ್ನು ತಜ್ಞರಿಗೆ ತೋರಿಸಿ, "ಇದು ಪ್ರಾಚ್ಯವಸ್ತುವಲ್ಲ" ಎಂಬ ಪ್ರಮಾಣಪತ್ರ ಪಡೆಯಬೇಕು. ನಮ್ಮ ಕಡೆಯವರಿಗೆ ಹತ್ತಿರವಾದದ್ದು ಇಲಾಖೆಯ ಬೆಂಗಳೂರು ಕಚೇರಿ. ಟಿಕೆಟ್ ತೆಗೆದ ಮೇಲೆ ಇದನ್ನು ನೆನಪಿಸಿಕೊಂಡರೆ ಪ್ರಯೋಜನವಿಲ್ಲ, ತಿಂಗಳುಗಳ ಮೊದಲೇ ಓಡಾಡಬೇಕು.

ವಯಸ್ಸಿನ ಪರೀಕ್ಷೆಯಲ್ಲಿ ಗೆದ್ದರೂ ಇನ್ನೊಂದು ಕಂಟಕ ಉಂಟು, ಅದು ಹಿಡಿ. ಹಳೆಯ ಪೀಚೆಕತ್ತಿಗಳಲ್ಲಿ ಕೆಲವಕ್ಕೆ ಆನೆದಂತದ ಹಿಡಿ ಇರುತ್ತದೆ, ಗಿಳಿಯ ಕೊಕ್ಕಿನಂತೆ ಬಾಗಿದ್ದು, ಕೈತಾಗಿ ತಾಗಿ ಜೇನಿನ ಬಣ್ಣಕ್ಕೆ ತಿರುಗಿದ್ದು. ನೋಡಲು ಎಷ್ಟು ಚೆಂದವೋ ಅಷ್ಟೇ ತೊಡಕು. 1975ರಿಂದ ಏಷ್ಯಾದ ಆನೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. 1986ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ ದೇಶದೊಳಗೂ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. ಹೀಗಾಗಿ ದಂತದ ಹಿಡಿಯ ಕತ್ತಿಯನ್ನು ಮನೆಯಲ್ಲೇ ಬಿಡುವುದು ಜಾಣತನ. ಮೂಳೆಯೋ ದಂತವೋ ಎಂಬ ಅನುಮಾನ ಇದ್ದರೂ ಅಷ್ಟೇ.

ಜಪಾನಿನ ಖಡ್ಗ ಕಾಗದ ಹಿಡಿದು ನಡೆಯುತ್ತದೆ

ಈ ವಿಷಯದಲ್ಲಿ ಇಡೀ ಜಗತ್ತಿಗೇ ಪಾಠ ಹೇಳಬಲ್ಲ ದೇಶ ಒಂದಿದೆ. ಹಳೆಯ ಜಪಾನೀ ಖಡ್ಗ ಅಂದರೆ ಕಟಾನಾಗಳನ್ನು ಸಂಗ್ರಹಿಸುವವರು ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಎಲ್ಲೆಡೆ ಇದ್ದಾರೆ. ಅವು ಪೆಟ್ಟಿಗೆಯಲ್ಲಿ ಕುಳಿತು ಗಡಿಯಿಂದ ಗಡಿಗೆ ಸಾಗುತ್ತಲೇ ಇರುತ್ತವೆ. ಅಷ್ಟೊಂದು ಖಡ್ಗ ಜಪಾನಿನಿಂದ ಹೊರಗೆ ಬಂದದ್ದು ಹೇಗೆ?

1945ರಲ್ಲಿ ಎರಡನೇ ಮಹಾಯುದ್ಧದಲ್ಲಿ ಜಪಾನ್ ಶರಣಾಯಿತು. ಗೆದ್ದ ಸೇನೆಗಳು ಆಯುಧಗಳನ್ನೆಲ್ಲ ಒಪ್ಪಿಸುವಂತೆ ಆಜ್ಞೆ ಹೊರಡಿಸಿದವು. ಯುದ್ಧಕ್ಕೆಂದು ಕಾರ್ಖಾನೆಯಲ್ಲಿ ಮಾಡಿದ ಕತ್ತಿಗಳ ಜೊತೆ, ನಾನೂರು ಐನೂರು ವರ್ಷಗಳಿಂದ ಮನೆತನದಲ್ಲಿ ಉಳಿದುಬಂದ ಖಡ್ಗಗಳೂ ರಾಶಿ ಬಿದ್ದವು. ಎಷ್ಟೋ ನಾಶವಾದವು, ಎಷ್ಟನ್ನೋ ಸೈನಿಕರು ನೆನಪಿನ ಕಾಣಿಕೆಯಾಗಿ ತಮ್ಮ ದೇಶಗಳಿಗೆ ಒಯ್ದರು. ಹೊಮ್ಮಾ ಜುಂಜಿ ಎಂಬ ವಿದ್ವಾಂಸರು ಮತ್ತು ಇತರರು ಅಮೆರಿಕದ ಸೇನಾಧಿಕಾರಿ ಕರ್ನಲ್ ಕ್ಯಾಡ್ವೆಲ್ ಅವರಿಗೆ ಇವು ಬರಿಯ ಆಯುಧವಲ್ಲ, ಕಲೆ ಎಂದು ಮನಗಾಣಿಸಿದರು. ಅದರಿಂದ ಕಲಾತ್ಮಕ ಖಡ್ಗಗಳು ಉಳಿದವು. 1948ರಲ್ಲಿ ಇಂಥ ಖಡ್ಗಗಳ ರಕ್ಷಣೆಗೆಂದೇ ಒಂದು ಸಂಘ ಹುಟ್ಟಿತು. ಅದು ಇಂದಿಗೂ ಇದೆ.

ಇಲ್ಲೊಂದು ಕೊಡಗಿನ ನಂಟೂ ಇದೆ. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಭಾರತೀಯ ಪಡೆಯ ಒಂದು ಬ್ರಿಗೇಡಿನ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಬರ್ಮಾದಲ್ಲಿ ಜಪಾನೀಯರ ಎದುರು ಕಾದಾಡಿದ್ದ ಅವರು ಮುಂದೆ 1957ರಿಂದ 1961ರವರೆಗೆ ನಮ್ಮ ಭೂಸೇನೆಯ ದಂಡನಾಯಕರಾದರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸಕ್ಕೆ ಹೋದರೆ ತಪ್ಪಿಸಬೇಡಿ.

ಇಂದು ಜಪಾನಿನಲ್ಲಿ ಪ್ರತಿ ಹಳೆಯ ಖಡ್ಗಕ್ಕೂ ಒಂದು ನೋಂದಣಿ ಚೀಟಿ ಇರಲೇಬೇಕು. ಕೊಡುವವರು ಪೊಲೀಸರಲ್ಲ, ಆಯಾ ಪ್ರಾಂತದ ಶಿಕ್ಷಣ ಮಂಡಳಿ! ಚೀಟಿ ಇರುವುದು ಖಡ್ಗದ ಹೆಸರಿನಲ್ಲಿ, ಯಜಮಾನನ ಹೆಸರಿನಲ್ಲಲ್ಲ. ಅಲಗಿನ ಉದ್ದ, ಬಾಗು ಎಷ್ಟು, ಹಿಡಿಯೊಳಗೆ ಹೋಗುವ ಬಾಲದಲ್ಲಿ ತೂತುಗಳೆಷ್ಟು, ಕಮ್ಮಾರನ ಸಹಿ ಏನು, ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಖಡ್ಗ ಕೈ ಬದಲಾದರೆ ಹೊಸ ಯಜಮಾನ 20 ದಿನದೊಳಗೆ ತಿಳಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಸಂಪತ್ತು ಎಂದು ಘೋಷಣೆಯಾದ ಖಡ್ಗಗಳಿಗೆ ಅದು ಸಿಗುವುದಿಲ್ಲ.

ತಪಾಸಣೆ ಹೇಗೆ ಅಂತೀರಾ? ಕಟಾನಾದ ಹಿಡಿಯನ್ನು ಹಿಡಿದಿಟ್ಟಿರುವುದು ಬಿದಿರಿನ ಒಂದು ಪುಟ್ಟ ಮೊಳೆ. ಅದನ್ನು ಮೆಲ್ಲನೆ ತಳ್ಳಿದರೆ ಹಿಡಿ ಕಳಚಿಕೊಂಡು ಬಾಲ ಕಾಣುತ್ತದೆ. ತಿಳಿದವರು ಅಲಗಿನ ಹೊಳಪಿಗಿಂತ ಮೊದಲು ಈ ಬಾಲದ ತುಕ್ಕನ್ನು ನೋಡುತ್ತಾರೆ. ಆ ಕಪ್ಪು ಕಂದು ತುಕ್ಕೇ ಖಡ್ಗದ ಜನ್ಮಪತ್ರಿಕೆ. ಅದನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ತೆಗೆದರೆ ಬೆಲೆಯೂ ಹೋಯಿತು, ವಯಸ್ಸಿನ ಗುರುತೂ ಹೋಯಿತು.

ಕೈಲ್‌ಪೊಳ್ದ್ ಹಬ್ಬಕ್ಕೆ ಕತ್ತಿಯನ್ನು ಹುಣಸೆಹುಳಿ, ಮರಳುಕಾಗದ ಹಾಕಿ ತಿಕ್ಕುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ದೇವರಿಗೂ ಅಷ್ಟು ಹೊಳಪು ಸಾಲುತ್ತದೆ.

ಆ ಕಡೆಯ ಬಾಗಿಲು

ಇಲ್ಲಿಂದ ಹೊರಟರೆ ಕೆಲಸ ಮುಗಿಯಲಿಲ್ಲ, ಇಳಿಯುವ ದೇಶದ ಕಾನೂನೂ ಇದೆ. ಬ್ರಿಟನ್ನಿನಲ್ಲಿ 2008ರಿಂದ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಅಲಗಿನ ಖಡ್ಗಗಳನ್ನು ತರಿಸಿಕೊಳ್ಳುವುದಕ್ಕೆ ನಿಷೇಧವಿದೆ. ಅಗ್ಗದ ನಕಲಿ ಕಟಾನಾಗಳಿಂದ ನಡೆದ ಅಪರಾಧಗಳು ಅದಕ್ಕೆ ಕಾರಣ. ನಿಜವಾದ ಸಂಗ್ರಾಹಕರು ತೊಂದರೆ ಹೇಳಿಕೊಂಡ ಮೇಲೆ 1954ಕ್ಕೂ ಮೊದಲು ಮಾಡಿದವುಗಳಿಗೆ ಮತ್ತು ಸಾಂಪ್ರದಾಯಿಕ ರೀತಿಯಲ್ಲಿ ಕೈಯಿಂದ ಮಾಡಿದವುಗಳಿಗೆ ವಿನಾಯಿತಿ ಸಿಕ್ಕಿತು. ಅಳತೆ ಬಾಗಿನ ಗುಂಟ ಅಲ್ಲ, ಹಿಡಿಯಿಂದ ತುದಿಗೆ ನೇರ ಗೆರೆ. ಪೀಚೆಕತ್ತಿಗೆ ಈ ಚಿಂತೆ ಇಲ್ಲ, ಅದು ಗಿಡ್ಡ. ದೊಡ್ಡ ಕತ್ತಿಗೆ ಅಳತೆಪಟ್ಟಿ ಹಿಡಿದು ನೋಡಲೇಬೇಕು.

ಕೊಡಗಿನ ಕತ್ತಿಗಳು ಆ ದೇಶಗಳಿಗೆ ಹೊಸಬರೇನಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಇಲ್ಲಿನ ಆಯುಧಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು. ಅಮೆರಿಕದ ಜಾರ್ಜ್ ಕ್ಯಾಮರಾನ್ ಸ್ಟೋನ್ 1934ರಲ್ಲಿ ಪ್ರಕಟಿಸಿದ ಆಯುಧಗಳ ದೊಡ್ಡ ನಿಘಂಟಿನಲ್ಲಿ 'ಆಯ್ದಕತ್ತಿ' ಎಂಬ ಹೆಸರಿನಲ್ಲಿ ನಮ್ಮ ಕತ್ತಿ ಕೂತಿದೆ. ಅವರ ಸಂಗ್ರಹ ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಆಗ ತಡೆಯುವ ಕಾಯ್ದೆಯೂ ಇರಲಿಲ್ಲ, ಕೇಳುವ ಸುಂಕದ ಮೇಜೂ ಇರಲಿಲ್ಲ. ಹೀಗೆ ಹೋದದ್ದನ್ನು ಮರಳಿ ತರುವುದು ಎಷ್ಟು ದುಬಾರಿ ಎಂಬುದಕ್ಕೆ ಒಂದೇ ಉದಾಹರಣೆ ಸಾಕು: 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಈ ಲೆಕ್ಕ ನೋಡಿದರೆ ವಿಮಾನ ನಿಲ್ದಾಣದಲ್ಲಿ ಅರ್ಧ ಗಂಟೆ ಪ್ರಶ್ನೆ ಕೇಳುವ ಅಧಿಕಾರಿಯ ಮೇಲೆ ನನಗೇನೂ ಸಿಟ್ಟು ಬರುವುದಿಲ್ಲ.

ಹಾಗಾದರೆ ಲಂಡನ್ನಿನ ಮದುಮಗ ಏನು ಮಾಡಬೇಕು? ಹೊಸ ಪೀಚೆಕತ್ತಿ ಮಾಡಿಸಿಕೊಳ್ಳುವುದು ಸುಲಭದ ದಾರಿ. ಕೊಡಗಿನಲ್ಲಿ ಇಂದಿಗೂ ಮಾಡುತ್ತಾರೆ. ಮರದ ಹಿಡಿ, ಬೆಳ್ಳಿಯ ಒರೆ, ಕೊಂಡ ರಸೀದಿ. ರಸೀದಿಯೇ ಮುಖ್ಯ, ಇದು ನಿನ್ನೆ ಮೊನ್ನೆಯದು ಎಂದು ಹೇಳುವುದು ಅದೇ. ಅದನ್ನು ಮುಚ್ಚಿಡದೆ ವಿಮಾನ ಕಂಪನಿಗೂ ಕಸ್ಟಮ್ಸ್‌ಗೂ ಮೊದಲೇ ತಿಳಿಸಬೇಕು. ಹೇಳದೆ ಇಟ್ಟ ಚಿಕ್ಕ ಕತ್ತಿ ಹೇಳಿ ಇಟ್ಟ ದೊಡ್ಡ ಕತ್ತಿಗಿಂತ ಹೆಚ್ಚು ರಗಳೆ ತರುತ್ತದೆ. ಕೊರಿಯರ್‌ನಲ್ಲಿ ಕಳಿಸುವ ಯೋಚನೆ ಬೇಡ, ಆಯುಧ ಎಂದರೆ ಅವರು ಮುಟ್ಟುವುದಿಲ್ಲ.

ಮುತ್ತಾತನ ಕತ್ತಿಗೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ, ಅದು ಮಕ್ಕಳಿಗೆ ಹೇಳಿ ಮಾಡಿಸಿದ್ದು. ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಬರುತ್ತದೆ. ನಾಟಿ ಮುಗಿದು, ಮನೆಯ ಆಯುಧಗಳೆಲ್ಲ ಹೊರಗೆ ಬಂದು, ಗಂಧ ಹಚ್ಚಿಸಿಕೊಂಡು, ಕೆಂಪು ಹಳದಿಯ ತೋಕ್‌ಪೂ ಮುಡಿದು ಸಾಲಾಗಿ ಕೂರುವ ದಿನ. ಕಡುಂಬುಟ್ಟು ಬೇಯುವುದರೊಳಗೆ ಒಂದು ನೋಟ್‌ಬುಕ್ಕು, ಟೇಪು, ಫೋನು ಹಿಡಿದು ಕೂತುಬಿಡಿ. ಅಲಗು ಮುಟ್ಟುವ ಕೆಲಸ ದೊಡ್ಡವರಿಗೆ ಬಿಡಿ, ಬರೆಯುವ ಕೆಲಸ ನಿಮ್ಮದು. ಉದ್ದ ಎಷ್ಟು, ಅತಿ ಅಗಲವಾದ ಕಡೆ ಎಷ್ಟು, ಹಿಡಿ ಯಾವುದರದ್ದು, ಸರಪಳಿಯಲ್ಲಿ ಏನೇನು ತೂಗುತ್ತದೆ (ಕಿವಿಗುಗ್ಗೆ ತೆಗೆಯುವ ಕಡ್ಡಿ, ಪುಟ್ಟ ಚಿಮುಟ ಇದ್ದರೂ ಬರೆಯಿರಿ), ಎಲ್ಲಿ ಚಿಪ್ಪೆದ್ದಿದೆ, ಯಾರಿಂದ ಯಾರಿಗೆ ಬಂತು. ಎರಡೂ ಬದಿಯ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ. ಇದರಿಂದ ಸರ್ಕಾರದ ಪ್ರಮಾಣಪತ್ರ ಸಿಕ್ಕಂತಾಗುವುದಿಲ್ಲ, ನಿಜ. ಆದರೆ ಕತ್ತಿ ಕಳವಾದರೆ ಪೊಲೀಸರಿಗೆ ತೋರಿಸಲು, ತಜ್ಞರ ಮುಂದೆ ವಯಸ್ಸು ಹೇಳಲು ಕೈಯಲ್ಲಿ ಏನಾದರೂ ಇರುತ್ತದೆ. ಅಜ್ಜಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಬೇಕಾದದ್ದು ಆ ಕೊನೆಯ ಸಾಲು.

ಇನ್ನೊಂದು ಮಾತು ಹೊಸ ಕತ್ತಿ ಒಯ್ಯುವವರಿಗೆ. ಹೊರಡುವ ದಿನ, ಸಾಮಾನು ವಿಮಾನ ಕಂಪನಿಗೆ ಒಪ್ಪಿಸುವ ಮೊದಲು, ಕಸ್ಟಮ್ಸ್ ಮೇಜಿನಲ್ಲಿ ಕತ್ತಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಮರುವರ್ಷ ತಂಗಿಯ ಮದುವೆಗೆ ಅದೇ ಕತ್ತಿ ಸಿಕ್ಕಿಸಿಕೊಂಡು ಊರಿಗೆ ಬರುವಾಗ, ಇದು ಇಲ್ಲಿಂದಲೇ ಹೋದದ್ದು ಎಂದು ತೋರಿಸಲು ಆ ಚೀಟಿ ಬೇಕಾಗುತ್ತದೆ.