ಮಗುವಿನ ಮೇಲೆ ಪ್ರಯೋಗವೇ?

ಆಸ್ಪತ್ರೆಯ ಒಂದು ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮೇಜಿನ ಮೇಲೆ ಹತ್ತು ಹದಿನೈದು ಪುಟಗಳ ಕಾಗದದ ಕಟ್ಟು. ಆಚೆ ಬದಿಗೆ ವೈದ್ಯರು, ಈಚೆ ಬದಿಗೆ ತಂದೆ ತಾಯಿ. ಅವರ ನಡುವೆ, ವಯಸ್ಸು ಹನ್ನೊಂದಾದರೂ ಎಂಟರ ಮೈಕಟ್ಟಿನ ಬಡಕಲು ಮಗು. ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತ ಬೆರೆತ ಭೇದಿ, ಮತ್ತೆ ಮತ್ತೆ ತಪ್ಪಿದ ಶಾಲೆ ಇವೆಲ್ಲ ಆ ಮುಖದ ಮೇಲೆ ಬರೆದಂತಿವೆ. “ಇದೊಂದು ಔಷಧ ಪ್ರಯೋಗ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಮಾಡಿ” ಎಂದು ವೈದ್ಯರು ಹೇಳಿದಾಗ ಯಾವ ದೇಶದ ತಾಯಿಯೇ ಆಗಲಿ, ಅವಳ ಬಾಯಿಂದ ಹೊರಡುವ ಮೊದಲ ಮಾತು ಒಂದೇ ಆಗಿರುತ್ತದೆ: “ನನ್ನ ಮಗುವಿನ ಮೇಲೆ ಪ್ರಯೋಗವೇ?”

ಈ ಪ್ರಶ್ನೆ ಸಹಜವಾದುದು, ನ್ಯಾಯವಾದುದೂ ಹೌದು. ಆದುದರಿಂದಲೇ ಅದಕ್ಕೆ ಅವಸರದ ಉತ್ತರ ಸಲ್ಲದು. ಕರುಳಿನ ಉರಿಯೂತದಿಂದ ನರಳುವ ಮಕ್ಕಳಿಗಾಗಿ ನಡೆದಿರುವ ಪ್ರಯೋಗಗಳ ಕಥೆಯನ್ನು ಈ ವಾರ ಓದುಗರ ಮುಂದಿಡುವಾಗ ಆ ತಾಯಿಯ ಪ್ರಶ್ನೆಯನ್ನೇ ನಾವು ಕೈದೀಪವಾಗಿ ಹಿಡಿದುಕೊಂಡಿದ್ದೇವೆ.

ಮೊದಲು ರೋಗದ ಪರಿಚಯ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕರುಳಿನ ಮೇಲೆ ತಿರುಗಿಬೀಳುವುದು ಇದರ ಮೂಲ. ಇದರಲ್ಲಿ ಎರಡು ಮುಖ್ಯ ಬಗೆಗಳು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆಯಾದರೋ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಪ್ರಕಟಿಸಿದ ಲೇಖನದಿಂದ ಈ ಎರಡನೆಯದಕ್ಕೆ ಆ ಹೆಸರು ನಿಂತಿತು. ಎರಡೂ ದೀರ್ಘಕಾಲದ ರೋಗಗಳು. ಔಷಧದಿಂದ ಅಡಗಿಸಬಹುದು, ಬೇರುಸಹಿತ ಕಿತ್ತೊಗೆಯುವ ಔಷಧ ಇನ್ನೂ ದೊರೆತಿಲ್ಲ. ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಂದಿಗೆ ಇಪ್ಪತ್ತು ವರ್ಷ ತುಂಬುವ ಮೊದಲೇ ರೋಗ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ: ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಅವಳಿ ಮಕ್ಕಳಂತೆ ಹೋಲುವುದರಿಂದ, ಎಷ್ಟೋ ರೋಗಿಗಳು ಕ್ಷಯದ ಮಾತ್ರೆ ನುಂಗಿ ತಿಂಗಳುಗಳನ್ನು ಕಳೆದ ಮೇಲೆಯೇ ನಿಜ ಸಂಗತಿ ಬೆಳಕಿಗೆ ಬರುತ್ತದೆ.

ದೊಡ್ಡವರಿಗೆ ಬರುವ ರೋಗವೇ ಮಕ್ಕಳಿಗೂ ಬರುವುದಾದರೆ, ದೊಡ್ಡವರ ಔಷಧವನ್ನೇ ಅರ್ಧ ಮಾಡಿ ಕೊಟ್ಟರಾಗದೇ ಎಂದು ಯಾರಾದರೂ ಕೇಳಬಹುದು. ಆಗದು. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ, ಬೆಳೆಯುತ್ತಿರುವ ಜೀವ. ಉರಿಯುವ ಕರುಳು ಅನ್ನದ ಸಾರವನ್ನು ಹೀರಿಕೊಳ್ಳದು. ಉರಿಯೂತವೇ ಬೆಳವಣಿಗೆಯನ್ನು ತಡೆಯುತ್ತದೆ, ಪ್ರಾಯಕ್ಕೆ ಬರುವುದು ಮುಂದಕ್ಕೆ ಹೋಗುತ್ತದೆ. ಉರಿಯೂತವನ್ನು ಬೇಗನೆ ಇಳಿಸುವ ಸ್ಟೀರಾಯ್ಡ್ ಮಾತ್ರೆಗಳನ್ನು ಬಹುಕಾಲ ಕೊಟ್ಟರೆ ಅವೂ ಎತ್ತರವನ್ನು ಕುಗ್ಗಿಸುತ್ತವೆ, ಮೂಳೆಯನ್ನು ಸವೆಸುತ್ತವೆ. ಮೂಳೆಯ ತುದಿಗಳು ಒಮ್ಮೆ ಕೂಡಿಕೊಂಡವೆಂದರೆ ಕಳೆದುಹೋದ ಎತ್ತರವನ್ನು ಯಾವ ವೈದ್ಯನೂ ಮರಳಿ ಕೊಡಲಾರ. ಮಗುವಿನ ಪಾಲಿಗೆ ಕಾಲವೂ ಒಂದು ಔಷಧ. ಅದು ಮುಗಿಯುವ ಮೊದಲು ಸರಿಯಾದ ಚಿಕಿತ್ಸೆ ಸಿಗಬೇಕು.

ಆದರೆ ಮಕ್ಕಳು ಎಷ್ಟು ಕಾದರು ಎಂಬುದನ್ನು ನೋಡಿರಿ. ಇನ್‌ಫ್ಲಿಕ್ಸಿಮ್ಯಾಬ್ ಎಂಬ, ರಕ್ತನಾಳದ ಮೂಲಕ ಕೊಡುವ ಔಷಧ ಈ ರೋಗದ ಚಿಕಿತ್ಸೆಯಲ್ಲಿ ಹೊಸ ಯುಗವನ್ನೇ ತೆರೆಯಿತು. ಉರಿಯೂತವನ್ನು ಪ್ರಚೋದಿಸುವ ಒಂದು ಪ್ರೋಟೀನನ್ನು ಅದು ಹಿಡಿದು ನಿಲ್ಲಿಸುತ್ತದೆ. ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಯ ವಯಸ್ಕ ರೋಗಿಗಳಿಗೆ ಅದಕ್ಕೆ ಅನುಮತಿ ದೊರೆತದ್ದು 1998ರಲ್ಲಿ. ಮಕ್ಕಳಿಗೆ ದೊರೆತದ್ದು 2006ರಲ್ಲಿ. ಅಡಾಲಿಮುಮ್ಯಾಬ್ ಎಂಬ ಇನ್ನೊಂದು ಔಷಧ ಅಲ್ಸರೇಟಿವ್ ಕೊಲೈಟಿಸ್ ಇರುವ ದೊಡ್ಡವರಿಗೆ 2012ರಲ್ಲಿ ಒದಗಿದರೆ, ಅದೇ ರೋಗದ ಮಕ್ಕಳಿಗೆ ಅನುಮತಿ ಬರಲು 2021 ಆಗಬೇಕಾಯಿತು. ಎಂಟು ವರ್ಷ, ಒಂಬತ್ತು ವರ್ಷ! ಮೊದಲನೆಯ ತರಗತಿಯ ಮಗು ಹೈಸ್ಕೂಲು ಮುಗಿಸುವಷ್ಟು ಕಾಲ.

ಈ ನಡುವಿನ ವರ್ಷಗಳಲ್ಲಿ ವೈದ್ಯರು ಕೈಕಟ್ಟಿ ಕುಳಿತಿರಲಿಲ್ಲ. ಮಕ್ಕಳ ಸಂಕಟ ನೋಡಲಾರದೆ, ಅನುಮತಿ ಇಲ್ಲದಿದ್ದರೂ, ದೊಡ್ಡವರ ಔಷಧವನ್ನು ತಮ್ಮ ಅಂದಾಜಿನಿಂದ ಮಕ್ಕಳಿಗೆ ಕೊಟ್ಟರು. ಅದು ಕಾನೂನಿಗೆ ವಿರುದ್ಧವಲ್ಲ, ಕರುಣೆಗೂ ವಿರುದ್ಧವಲ್ಲ. ಆದರೆ ಸ್ವಲ್ಪ ಯೋಚಿಸಿದರೆ, ಅಳತೆ ತಿಳಿಯದ ಔಷಧವನ್ನು ಕೊಟ್ಟು ಏನಾಗುವುದೋ ನೋಡುವುದೂ ಪ್ರಯೋಗವೇ ಎಂಬುದು ಹೊಳೆಯುತ್ತದೆ. ವ್ಯತ್ಯಾಸವಿಷ್ಟೇ: ಅದರ ಮೇಲೆ ನೈತಿಕ ಸಮಿತಿಯ ಕಣ್ಣಿಲ್ಲ, ಅಲ್ಲಿ ಕಲಿತ ಪಾಠ ಬಹುತೇಕ ಮುಂದಿನ ಮಗುವನ್ನು ತಲುಪುವುದಿಲ್ಲ. ಇಂಥ ಮಕ್ಕಳನ್ನು ಅಮೆರಿಕದ ವೈದ್ಯ ಹ್ಯಾರಿ ಶರ್ಕಿ 1960ರ ದಶಕದಲ್ಲಿಯೇ ‘ಚಿಕಿತ್ಸೆಯ ಅನಾಥರು’ ಎಂದು ಕರೆದಿದ್ದರು. ಆ ಮಾತು ಶಾಸನವಾಗಿ ಫಲಿಸಲು ದಶಕಗಳೇ ಹಿಡಿದವು. ಅಮೆರಿಕ 2002 ಮತ್ತು 2003ರಲ್ಲಿ, ಯುರೋಪಿನ ಒಕ್ಕೂಟ 2007ರಲ್ಲಿ ಜಾರಿಗೆ ತಂದ ಕಾನೂನುಗಳು ಔಷಧ ಕಂಪನಿಗಳು ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಿದವು.

ಒಳ್ಳೆಯ ಪ್ರಯೋಗ ಹೇಗಿರುತ್ತದೆ? ಇನ್‌ಫ್ಲಿಕ್ಸಿಮ್ಯಾಬ್‌ಗೆ ಮಕ್ಕಳ ಅನುಮತಿ ತಂದುಕೊಟ್ಟ ‘ರೀಚ್’ ಪ್ರಯೋಗವನ್ನೇ ಉದಾಹರಣೆಯಾಗಿ ನೋಡೋಣ. ಕ್ರೋನ್ಸ್ ಕಾಯಿಲೆ ಇದ್ದ 6ರಿಂದ 17 ವರ್ಷದೊಳಗಿನ 112 ಮಕ್ಕಳು ಅದರಲ್ಲಿ ಸೇರಿದರು. ‘ನನ್ನ ಮಗುವಿಗೆ ಹುಸಿ ಔಷಧ ಕೊಟ್ಟು ನರಳಲು ಬಿಡುವರೇ’ ಎಂಬುದು ತಂದೆ ತಾಯಂದಿರ ದೊಡ್ಡ ಅಂಜಿಕೆಯಷ್ಟೆ. ಇಲ್ಲಿ ಹಾಗೆ ಮಾಡಲಿಲ್ಲ. ಮೊದಲ ದಿನ, ಎರಡನೆಯ ವಾರ, ಆರನೆಯ ವಾರ ಹೀಗೆ ಮೂರು ಬಾರಿ ಎಲ್ಲ ಮಕ್ಕಳಿಗೂ ನಿಜವಾದ ಔಷಧವನ್ನೇ ಕೊಟ್ಟರು. ಹತ್ತನೆಯ ವಾರದ ಹೊತ್ತಿಗೆ ನೂರಕ್ಕೆ 88 ಮಕ್ಕಳು ಚೇತರಿಸಿಕೊಂಡಿದ್ದರು. ಆಮೇಲೆ ಗುಣ ಕಂಡ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರಕ್ಕೊಮ್ಮೆ, ಇನ್ನೊಂದಕ್ಕೆ ಹನ್ನೆರಡು ವಾರಕ್ಕೊಮ್ಮೆ ಔಷಧ ಮುಂದುವರಿಸಿದರು. ವರ್ಷ ಕಳೆದು 54ನೆಯ ವಾರದಲ್ಲಿ ನೋಡಿದಾಗ, ಎಂಟು ವಾರದ ಗುಂಪಿನ ನೂರಕ್ಕೆ 56 ಮಕ್ಕಳಲ್ಲಿ ರೋಗ ಸಂಪೂರ್ಣ ಅಡಗಿತ್ತು. ಹನ್ನೆರಡು ವಾರದ ಗುಂಪಿನಲ್ಲಿ ಈ ಸಂಖ್ಯೆ ನೂರಕ್ಕೆ 24 ಮಾತ್ರ. ಎಷ್ಟು ದಿನಕ್ಕೊಮ್ಮೆ ಎಂಬ ಸರಳ ಪ್ರಶ್ನೆಗೆ ಅಂದಾಜಿನ ಬದಲು ಉತ್ತರವೇ ಸಿಕ್ಕಿತು.

ಹುಸಿ ಔಷಧವನ್ನು ಬಳಸಲೇಬೇಕಾದಾಗಲೂ ನ್ಯಾಯವಾದ ದಾರಿಯಿದೆ. 2023ರಲ್ಲಿ ಪ್ರಕಟವಾದ ‘ಕಂಬೈನ್’ ಎಂಬ ಪ್ರಯೋಗದಲ್ಲಿ ಕ್ರೋನ್ಸ್ ಕಾಯಿಲೆಯ 297 ಮಕ್ಕಳಿದ್ದರು. ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ ಎಲ್ಲರಿಗೂ ದೊರೆಯುತ್ತಿತ್ತು. ಅದರ ಜೊತೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಅಗತ್ಯವೇ ಎಂಬುದಷ್ಟೇ ಪ್ರಶ್ನೆ. ಆದ್ದರಿಂದ ಕೆಲವರಿಗೆ ಮಾತ್ರೆ ನಿಜವಾದದ್ದು, ಕೆಲವರಿಗೆ ಹುಸಿಯಾದದ್ದು. ಅಡಾಲಿಮುಮ್ಯಾಬ್ ಪಡೆಯುವ ಮಕ್ಕಳಿಗೆ ಆ ಜೊತೆಮಾತ್ರೆಯಿಂದ ಪ್ರಯೋಜನ ಕಂಡಿತು, ಇನ್‌ಫ್ಲಿಕ್ಸಿಮ್ಯಾಬ್ ಪಡೆಯುವವರಿಗೆ ಕಾಣಲಿಲ್ಲ. ವಾಕರಿಕೆ ತರಿಸುವ ಮಾತ್ರೆಯೊಂದನ್ನು ಬಿಡಬಹುದೆಂದು ತಿಳಿಯುವುದೂ ಮಗುವಿನ ಪಾಲಿಗೆ ಸಣ್ಣ ಲಾಭವಲ್ಲ.

ಪ್ರಯೋಗವೆಂದರೆ ಸೂಜಿ ಮಾತ್ರೆಗಳದ್ದೇ ಆಗಬೇಕೆಂದಿಲ್ಲ. ಆರೆಂಟು ವಾರ ಬೇರೆಲ್ಲ ಆಹಾರ ಬಿಟ್ಟು ಪೌಷ್ಟಿಕ ದ್ರವವನ್ನಷ್ಟೇ ಕುಡಿಸಿ ಮಕ್ಕಳ ಕ್ರೋನ್ಸ್ ಕಾಯಿಲೆಯನ್ನು ಅಡಗಿಸುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಊಟದ ಪಂಕ್ತಿಯಿಂದ ಎದ್ದುಹೋಗಬೇಕಾದ ಮಗುವಿನ ದುಃಖ ತಾಯಿಗೇ ಗೊತ್ತು. 2019ರಲ್ಲಿ ಇಸ್ರೇಲ್ ಮತ್ತು ಕೆನಡಾದ ವೈದ್ಯರು 78 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಅರ್ಧ ದ್ರವ, ಅರ್ಧ ಆಯ್ದ ಮನೆಯೂಟ ಕೊಟ್ಟಾಗಲೂ ರೋಗ ಅಡಗುತ್ತದೆ, ಮಕ್ಕಳು ಅದನ್ನು ಹೆಚ್ಚು ಸುಲಭವಾಗಿ ಪಾಲಿಸುತ್ತಾರೆ ಎಂಬುದು ಅದರಿಂದ ತಿಳಿಯಿತು.

ಇಷ್ಟು ಹೇಳಿ ಅಪಾಯದ ಮಾತನ್ನು ಮುಚ್ಚಿಟ್ಟರೆ ನಾವು ಓದುಗರಿಗೆ ಮೋಸ ಮಾಡಿದಂತೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಸೋಂಕಿಗೆ ಬಾಗಿಲು ತೆರೆಯಬಹುದು. ಮೈಯಲ್ಲಿ ಮಲಗಿರುವ ಕ್ಷಯ ಎಚ್ಚರಗೊಳ್ಳಬಹುದು. ನಮ್ಮಂಥ ದೇಶದಲ್ಲಿ ಕ್ಷಯದ ಪರೀಕ್ಷೆ ಮಾಡದೆ ಇದನ್ನು ಆರಂಭಿಸಲೇಬಾರದು. 2006ರಲ್ಲಿಯೇ, ಮಕ್ಕಳ ಅನುಮತಿಯ ಜೊತೆಯಲ್ಲೇ, ಹದಿಹರೆಯದವರಲ್ಲಿ ಹಾಗೂ ತರುಣರಲ್ಲಿ ಕಂಡುಬಂದ ಅಪರೂಪದ ಒಂದು ಕ್ಯಾನ್ಸರಿನ ಬಗ್ಗೆ ಇನ್‌ಫ್ಲಿಕ್ಸಿಮ್ಯಾಬ್‌ನ ವಿವರಪತ್ರದಲ್ಲಿ ಎಚ್ಚರಿಕೆ ಸೇರಿತು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಡದೆ, ಐದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದರು. 2017ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಕ್ಯಾನ್ಸರಿನ ಅಪಾಯ ಹೆಚ್ಚಿದ್ದು ಅಜಾಥಿಯೋಪ್ರಿನ್ ವರ್ಗದ ಹಳೆಯ ಮಾತ್ರೆಗಳೊಡನೆ. ಇನ್‌ಫ್ಲಿಕ್ಸಿಮ್ಯಾಬ್ ಒಂದರಿಂದಲೇ ಅದು ಹೆಚ್ಚಿದಂತೆ ಕಾಣಲಿಲ್ಲ. ಭಯವನ್ನು ತೂಗಿ ನೋಡಲು ತಕ್ಕಡಿ ಸಿಕ್ಕಿದ್ದು ದಾಖಲೆಯಿಂದಲೇ.

ತಾಯಿಯ ಪ್ರಶ್ನೆಗೆ ಇನ್ನೊಂದು ಬೇರೂ ಇದೆ, ಅದು ಇತಿಹಾಸದಲ್ಲಿದೆ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ವಸತಿಶಾಲೆಯೊಂದಿತ್ತು. 1950ರ ದಶಕದಿಂದ ಹಲವು ವರ್ಷಗಳ ಕಾಲ ಅಲ್ಲಿನ ಮಕ್ಕಳಿಗೆ ಬೇಕೆಂದೇ ಕಾಮಾಲೆಯ ಸೋಂಕು ತಗುಲಿಸಿ ಅಧ್ಯಯನ ಮಾಡಲಾಯಿತು. ತಂದೆ ತಾಯಿಯರ ಸಹಿ ಅಲ್ಲಿಯೂ ಇತ್ತು ಎಂಬುದನ್ನು ಮರೆಯಬಾರದು. ಬೇರೆ ವಿಭಾಗಗಳಲ್ಲಿ ಜಾಗವಿಲ್ಲದಿದ್ದಾಗ ಈ ಪ್ರಯೋಗದ ವಿಭಾಗದಲ್ಲಿ ಮಾತ್ರ ಜಾಗ ಸಿಗುತ್ತಿತ್ತು. ದಿಕ್ಕಿಲ್ಲದವರ ಸಹಿ ಅದು. ಕಾಗದದ ಮೇಲಿನ ಶಾಯಿ ಮಾತ್ರದಿಂದ ಅನ್ಯಾಯ ನ್ಯಾಯವಾಗದು ಎಂಬುದು ಅಲ್ಲಿಂದ ನಾವು ಕಲಿಯಬೇಕಾದ ಪಾಠ.

ಆದುದರಿಂದ ಇಂದಿನ ನಿಯಮಗಳು ಸಹಿಗಿಂತ ಹೆಚ್ಚಿನದನ್ನು ಕೇಳುತ್ತವೆ. ನಮ್ಮ ದೇಶದಲ್ಲಿ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ಪ್ರಯೋಗ ದಾಖಲಾಗಬೇಕು, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ಅದಕ್ಕಿಂತ ಮುಖ್ಯವಾಗಿ, ಮಗುವನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆ, ಹನ್ನೆರಡು ದಾಟಿದ ಮೇಲೆ ಅದರ ಲಿಖಿತ ಒಪ್ಪಿಗೆ ಬೇಕು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಕೇಳಿ ತೀರ್ಮಾನಿಸುವ ವಾಡಿಕೆ ಕಡಿಮೆ. “ಅವನಿಗೇನು ತಿಳಿಯುತ್ತದೆ?” ಎಂದು ಬಿಡುತ್ತೇವೆ. ಆದರೆ ಕೊಲೊನೊಸ್ಕೋಪಿಯ ಹಿಂದಿನ ರಾತ್ರಿ ಭೇದಿಯ ಔಷಧ ಕುಡಿಯುವವನು ಅವನು. ಸೂಜಿಗೆ ಕೈ ಚಾಚುವವನು ಅವನು. ತರಗತಿಯ ನಡುವೆ ಶೌಚಾಲಯಕ್ಕೆ ಓಡಬೇಕಾದ ನಾಚಿಕೆಯನ್ನು ನುಂಗುವವನೂ ಅವನೇ. ಈ ರೋಗದ ವಿಷಯದಲ್ಲಿ ಅವನಿಗೆ ತಿಳಿದಷ್ಟು ನಮಗೆ ತಿಳಿದಿಲ್ಲ.

ಹಾಗಾದರೆ ಆ ಕಾಗದದ ಕಟ್ಟಿನ ಮುಂದೆ ಕುಳಿತ ತಂದೆ ತಾಯಿ ಏನು ಮಾಡಬೇಕು? ಸಹಿಗೆ ಮೊದಲು ಕೇಳಬೇಕು. ಈ ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ? ಇದಕ್ಕೆ ಸೇರದಿದ್ದರೆ ನಮ್ಮ ಮಗುವಿಗೆ ಸಿಗುವ ಚಿಕಿತ್ಸೆ ಯಾವುದು? ಹುಸಿ ಔಷಧ ಉಂಟೇ, ಇದ್ದರೆ ರೋಗ ಉಲ್ಬಣಿಸಿದಾಗ ಏನು ಮಾಡುವಿರಿ? ರಕ್ತ ಪರೀಕ್ಷೆ, ಕೊಲೊನೊಸ್ಕೋಪಿ ಎಷ್ಟು ಬಾರಿ? ಪ್ರಯೋಗ ಮುಗಿದ ಮೇಲೆ, ಔಷಧ ಹಿಡಿಸಿದ್ದರೆ, ಅದನ್ನು ಮುಂದೆ ಯಾರು ಕೊಡುವರು? ನಡುವೆ ಬಿಟ್ಟು ಬಂದರೆ ಚಿಕಿತ್ಸೆಗೆ ಕುಂದಿಲ್ಲವಷ್ಟೆ? ಕಾಗದ ತಮಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಕೇಳುವುದು ಹಕ್ಕು. ಮನೆಗೆ ಒಯ್ದು ಹಿರಿಯರೊಡನೆ, ಪರಿಚಿತ ವೈದ್ಯರೊಡನೆ ವಿಚಾರಿಸುವುದೂ ಹಕ್ಕು. ಇಷ್ಟೆಲ್ಲ ಕೇಳಿದ ಮೇಲೆ ಬೇಡವೆನಿಸಿದರೆ ಬೇಡವೆನ್ನುವುದರಲ್ಲಿ ತಪ್ಪಿಲ್ಲ. ಬೇಡವೆನ್ನಲು ದಾರಿ ಇದ್ದಾಗಲೇ ಬೇಕೆಂಬ ಮಾತಿಗೆ ಬೆಲೆ.

“ನನ್ನ ಮಗುವಿನ ಮೇಲೆ ಪ್ರಯೋಗವೇ?” ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಮಗುವಿನ ಮೇಲೆ ಬೇಡ, ಮಗುವಿನೊಡನೆ ಇರಲಿ. ಇಂದು ಯಾವುದೋ ಊರಿನ ಮಗುವಿಗೆ ಎಂಟು ವಾರಕ್ಕೊಮ್ಮೆ ಔಷಧ ಕೊಡಬೇಕೆಂದು ವೈದ್ಯರು ಧೈರ್ಯದಿಂದ ಬರೆಯುವಾಗ, ಆ ಬರಹದ ಹಿಂದೆ ಹೆಸರು ತಿಳಿಯದ 112 ಮಕ್ಕಳಿದ್ದಾರೆ. ಅವರಲ್ಲಿ ಕೆಲವರಿಗೆ ಹನ್ನೆರಡು ವಾರದ ಚೀಟಿ ಬಂದಿತ್ತು; ಅವರಲ್ಲಿ ಅನೇಕರ ರೋಗ ವರ್ಷದ ಕೊನೆಗೂ ಅಡಗಿರಲಿಲ್ಲ. ಅವರಿಗೆ ನಾವು ಕೃತಜ್ಞತೆ ಹೇಳುವ ಬಗೆ ಯಾವುದು? ನಮ್ಮ ಮುಂದೆ ಅಂಥದೇ ಕಾಗದ ಬಂದಾಗ, ಹೆದರಿ ಓಡದೆ, ಕಣ್ಣುಮುಚ್ಚಿ ಸಹಿ ಹಾಕದೆ, ಕೊನೆಯ ಪುಟದವರೆಗೆ ಓದಿ, ಪಕ್ಕದಲ್ಲಿ ಕುಳಿತ ಮಗುವಿನ ಕಡೆ ತಿರುಗಿ, “ನೀನೇನು ಹೇಳುತ್ತೀ, ಮಗು?” ಎಂದು ಕೇಳಿ, ಅದರ ಉತ್ತರಕ್ಕಾಗಿ ಕಾಯುವುದು.