ಸಿಂಹಗಡದಿಂದ ನಮ್ಮ ಮನೆ

ಪುಣೆಯಲ್ಲಿದ್ದು ಸಿಂಹಗಡ ಹತ್ತದ ವಿದ್ಯಾರ್ಥಿ ಸಿಗುವುದು ಕಷ್ಟ. ಬಸ್ಸಿಳಿದು ಆತಕರವಾಡಿಯಿಂದ ಕಾಲುದಾರಿ ಹಿಡಿದರೆ ಮೊದಲು ಹೊಲಗದ್ದೆ, ಆಮೇಲೆ ಬರೀ ಏರು. ಮೇಲೆ ಮುಟ್ಟಿದವರು ಪಿಠಲಾ-ಭಾಕರಿ ತಿಂದು (ನಮ್ಮ ಝುಣಕಾ-ರೊಟ್ಟಿಯೇ ಅನ್ನಿ, ಖಾರ ಮಾತ್ರ ಕಡಿಮೆ), ಉತ್ತರದ ಅಂಚಿಗೆ ನಿಂತು ಕೇಳುವ ಪ್ರಶ್ನೆ ಒಂದೇ: "ನಮ್ಮ ಮನಿ ಎಲ್ಲದ?"

ಗಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,300 ಮೀಟರು, ಊರಿನದು 560. ವಿಠ್ಠಲವಾಡಿ ಸಮೀಪದ ನಮ್ಮ ಮನೆ ಅಲ್ಲಿಂದ ನೇರ ಗೆರೆಯಲ್ಲಿ ಹೆಚ್ಚುಕಡಿಮೆ 15 ಕಿಲೋಮೀಟರು. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಭಾಗದಷ್ಟು ಅಂತರವನ್ನು ಬೇರೆ ಮಾಡಿ ನೋಡಬಲ್ಲದು. 15 ಕಿಲೋಮೀಟರಿಗೆ ಅದು ನಾಲ್ಕೂವರೆ ಮೀಟರಿನ ಹತ್ತಿರ ಆಗುತ್ತದೆ. ಅಂದರೆ ಕಟ್ಟಡ ಒಂದು ಚುಕ್ಕೆಯಾಗಿ ಕಂಡೀತು, ನಮ್ಮ ಕಿಟಕಿ ಕಾಣದು. ಕೈಚಾಚಿ ಹೆಬ್ಬೆರಳು ಹಿಡಿದರೆ ಇಡೀ ಕಾಲನಿಯೇ ಅದರ ಹಿಂದೆ ಅಡಗುತ್ತದೆ!

ಆದ್ದರಿಂದ ಮನೆ ಹುಡುಕುವವರು ಮೊದಲು ನೀರು ಹುಡುಕಬೇಕು. ಉತ್ತರಕ್ಕೆ ಖಡಕವಾಸಲಾ ಕೆರೆ, ಅದರ ಬಲತುದಿಗೆ ಅಣೆಕಟ್ಟು. ಅಲ್ಲಿಂದ ಮುಠಾ ನದಿ ಊರಿನೊಳಗೆ ಹೋಗುತ್ತದೆ. ಚಾಚಿದ ಕೈಯ ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಅಣೆಕಟ್ಟಿನಿಂದ ಬಲಕ್ಕೆ ಎರಡು ಮುಷ್ಟಿ ಅಳೆದರೆ ನಮ್ಮ ಮನೆ.

ಎರಡೇ ಮುಷ್ಟಿ! ಮನೆಯ ಬಾಲ್ಕನಿಯಲ್ಲಿ ನಿಂತರೆ ಎದುರುಮನೆಯವರ ಒಣಹಾಕಿದ ಸೀರೆ ಕಾಣುತ್ತದೆ, ಅಣೆಕಟ್ಟು ಕಾಣುವುದಿಲ್ಲ. 'ಜಲಾನಯನ ಪ್ರದೇಶ' ಎಂಬ ಶಬ್ದವನ್ನು ಕನ್ನಡ ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ತೊಗೊಂಡಿದ್ದೆ. ಗಡದ ಮೇಲೆ ನಿಂತಾಗ, ಆ ಶಬ್ದದ ಒಳಗೇ ನಮ್ಮ ಮನೆ ಇದೆ ಅಂತ ತಿಳಿಯಿತು. ಪಶ್ಚಿಮದ ಗುಡ್ಡಗಳಲ್ಲಿ ಬಿದ್ದ ಮಳೆ ಪಾನಶೇತ, ವರಸಗಾವ, ಟೆಮಘರ ಎಂಬ ಮೂರು ಅಣೆಕಟ್ಟುಗಳಿಗೆ ಬಂದು, ಅಲ್ಲಿಂದ ಖಡಕವಾಸಲಾಕ್ಕೆ ಇಳಿಯುತ್ತದೆ. ಅದು ಚಿಕ್ಕದು. ತುಂಬಿದರೆ ಬಿಡಲೇಬೇಕು.

1961ರ ಜುಲೈ 12ರಂದು ಆಗಷ್ಟೇ ಕಟ್ಟಿದ್ದ ಪಾನಶೇತದ ಮಣ್ಣಿನ ಒಡ್ಡು ಒಡೆಯಿತು. ಆ ನೀರಿಗೆ ಖಡಕವಾಸಲಾವೂ ನಿಲ್ಲಲಿಲ್ಲ. ನದಿದಂಡೆಯ ಪೇಟೆಗಳು ಮುಳುಗಿದವು. ಹಳಬರು ಇಂದಿಗೂ ವರ್ಷ ಲೆಕ್ಕ ಹಾಕುವಾಗ 'ಪಾನಶೇತದ ಮುಂಚೆ' ಅನ್ನುವುದುಂಟು. 2024ರ ಜುಲೈ 25ರಂದು ಯಾವ ಅಣೆಕಟ್ಟೂ ಒಡೆಯಲಿಲ್ಲ. ಆದರೂ ನಮ್ಮ ಪಕ್ಕದ ಏಕತಾನಗರಿಯಲ್ಲಿ ನೀರು ನುಗ್ಗಿತು. ಆ ಹೊತ್ತಿಗೆ ಬಿಟ್ಟ ನೀರು 35,000 ಕ್ಯುಸೆಕ್‌ಗೂ ಹೆಚ್ಚು.

ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ಸ್ವಲ್ಪ ಜಾಸ್ತಿ. ಕಾಮರ್ಸ್ ಹುಡುಗನಿಗೆ ಗುಣಾಕಾರ ಕಷ್ಟವೇ? 35,000 ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರು. ಬೇಸಿಗೆಯಲ್ಲಿ ಓಣಿಗೆ ಬರುವ 10,000 ಲೀಟರಿನ ಟ್ಯಾಂಕರು ನೆನೆಸಿಕೊಳ್ಳಿ; ಅಂಥವು ಪ್ರತಿ ಸೆಕೆಂಡಿಗೆ ನೂರು. ಪತ್ರಿಕೆಯಲ್ಲಿ ಬರುವ ಅಂಕಿಯನ್ನು ಹೀಗೆ ಟ್ಯಾಂಕರಿನಲ್ಲಿ ಓದಿದರೆ ಎದೆಗೆ ತಾಗುತ್ತದೆ.

ಅವ್ವಗ ಇದನ್ನ ಹೇಳಿದಾಗ, "ಇಲ್ಲಿ ಬಿಸಲ ಬಿದ್ದದಲ್ಲೋ" ಅಂದಳು. ಇಲ್ಲಿ ಬಿಸಿಲಿದ್ದರೂ ಪಾನಶೇತ ಕಡೆ ಮಳೆ ಇರಬಹುದು ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಆಕೆ ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಜೋಳದ ಚೀಲ, ರೇಶನ್ ಕಾರ್ಡು, ನನ್ನ ಮಾರ್ಕ್ಸ್‌ಕಾರ್ಡುಗಳ ಪೆಟ್ಟಿಗೆ ಅಟ್ಟಕ್ಕೆ ಏರಿದ್ದವು.