ಚಲಿಸುವ ಆಕೃತಿಗಳು ಮತ್ತು ಮನುಷ್ಯನ ಕಥನ ಪ್ರವೃತ್ತಿ

ಜಡವಸ್ತುವಿಗೆ ಚೈತನ್ಯವನ್ನೂ ಉದ್ದೇಶವನ್ನೂ ಆರೋಪಿಸುವುದು ‘ಆದಿಮ ಮನಸ್ಸಿನ’ ಲಕ್ಷಣವೆಂಬ ಗ್ರಹಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲ ಬೇರೂರಿತ್ತು. 1871ರಲ್ಲಿ ಪ್ರಕಟವಾದ ‘ಪ್ರಿಮಿಟಿವ್ ಕಲ್ಚರ್’ ಗ್ರಂಥದಲ್ಲಿ ಎಡ್ವರ್ಡ್ ಟೈಲರ್ ಪ್ರತಿಪಾದಿಸಿದ ಸರ್ವಚೇತನವಾದವು ಇದಕ್ಕೆ ಬುನಾದಿಯೊದಗಿಸಿತು. ಮನೋವಿಜ್ಞಾನದ ಒಂದು ಪ್ರಯೋಗವು ಈ ಗ್ರಹಿಕೆಯ ಮರುಪರಿಶೀಲನೆಯನ್ನು ಅನಿವಾರ್ಯಗೊಳಿಸುತ್ತದೆ.

ಅಮೆರಿಕದ ಸ್ಮಿತ್ ಕಾಲೇಜಿನಲ್ಲಿದ್ದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ 1944ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದರು. ಅವರು ಬಳಸಿದ್ದು ಸುಮಾರು ಎರಡೂವರೆ ನಿಮಿಷಗಳ ಮೂಕಚಿತ್ರ. ಅದರಲ್ಲಿದ್ದುದು ದೊಡ್ಡ ತ್ರಿಕೋನ, ಚಿಕ್ಕ ತ್ರಿಕೋನ, ಚಿಕ್ಕ ವೃತ್ತ ಹಾಗೂ ಬಾಗಿಲಿನಂತೆ ತೆರೆದು ಮುಚ್ಚುವ ಭಾಗವುಳ್ಳ ಒಂದು ಆಯತ ಮಾತ್ರ. ಕಂಡದ್ದನ್ನು ಬರೆಯಿರೆಂದು 34 ವಿದ್ಯಾರ್ಥಿನಿಯರಿಗೆ ಸೂಚಿಸಿದಾಗ, ಒಬ್ಬಾಕೆ ಮಾತ್ರ ಅದನ್ನು ಜ್ಯಾಮಿತಿಯ ಪರಿಭಾಷೆಯಲ್ಲಿ ವರ್ಣಿಸಿದಳು. ಉಳಿದವರು ಅದನ್ನು ಜೀವಿಗಳ, ಬಹುಪಾಲು ಮನುಷ್ಯರ, ವರ್ತನೆಯಾಗಿ ಕಂಡರು. ಕಾದಾಟ, ಬೆನ್ನಟ್ಟುವಿಕೆ, ಪಲಾಯನಗಳು ಅವರ ಬರಹದಲ್ಲಿ ಮೂಡಿದವು.

ಮುಖ, ಕೈಕಾಲು, ಧ್ವನಿ ಯಾವುದೂ ಇಲ್ಲದಲ್ಲಿ ಈ ಅರ್ಥ ಹುಟ್ಟುವುದು ಚಲನೆಗಳ ಪರಸ್ಪರ ಸಂಬಂಧದಿಂದ. ತಾನಾಗಿ ಹೊರಡುವುದು, ವೇಗ ಬದಲಿಸುವುದು, ಇನ್ನೊಂದರ ದಿಕ್ಕಿಗೆ ತಕ್ಕಂತೆ ತಿರುಗುವುದು ಇವು ಉದ್ದೇಶದ ಸೂಚಕಗಳಾಗುತ್ತವೆ. ತ್ರಿಕೋನವೂ ಬಾಗಿಲೂ ಒಟ್ಟಿಗೆ ಚಲಿಸಿದಾಗ ತ್ರಿಕೋನವೇ ಬಾಗಿಲನ್ನು ನೂಕಿತೆಂದು ನೋಡುಗರು ಭಾವಿಸುತ್ತಾರೆಯೇ ಹೊರತು ಬಾಗಿಲು ತ್ರಿಕೋನವನ್ನು ನೂಕಿತೆಂದಲ್ಲ.

ಹೀಗೆ ಕಂಡವರು ಆಧುನಿಕ ಕಾಲೇಜಿನ ವಿದ್ಯಾರ್ಥಿನಿಯರು ಎಂಬುದು ಗಮನಾರ್ಹ. ‘ಆದಿಮ’ ಎಂಬ ವಿಶೇಷಣ ಇಲ್ಲಿ ನಿಲ್ಲುವುದಿಲ್ಲ. ಕ್ಲಾರ್ಕ್ ಬ್ಯಾರೆಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜರ್ಮನಿಯ ವಯಸ್ಕರೂ ಈಕ್ವೆಡಾರಿನ ಅಮೆಜಾನ್ ಪ್ರದೇಶದ ಶುವಾರ್ ಜನರೂ ಕೇವಲ ಚಲನೆಯಿಂದಲೇ ಬೆನ್ನಟ್ಟುವಿಕೆ, ಜಗಳ, ಆಟ ಮುಂತಾದ ಉದ್ದೇಶಗಳನ್ನು ಗುರುತಿಸಿದರು. ಆದರೆ ಇದು ಸರ್ವರಲ್ಲೂ ಏಕರೂಪವಾಗಿಲ್ಲ. ಮಿದುಳಿನ ಅಮಿಗ್ಡಲಾ ಭಾಗಕ್ಕೆ ಹಾನಿಯಾಗಿದ್ದ ಒಬ್ಬರು ಹೈಡರ್–ಸಿಮೆಲ್ ಚಿತ್ರವನ್ನು ಬರಿಯ ಆಕೃತಿಗಳ ಚಲನೆಯಾಗಿ ವರ್ಣಿಸಿದ್ದನ್ನು 2004ರ ಅಧ್ಯಯನವೊಂದು ದಾಖಲಿಸಿದೆ. ಆ ವ್ಯಕ್ತಿಯ ಸಾಮಾಜಿಕ ತಿಳಿವಳಿಕೆಗೆ ಕುಂದಿರಲಿಲ್ಲ. ತಾನಾಗಿ ಒದಗಬೇಕಾದ ಗ್ರಹಿಕೆ ಮಾತ್ರ ಒದಗಲಿಲ್ಲ.

ನಮ್ಮ ತೊಗಲುಗೊಂಬೆಯಾಟವನ್ನು ಈ ಬೆಳಕಿನಲ್ಲಿ ನೋಡಬಹುದು. ಅಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರ ಬದಲಾಗುತ್ತದೆ. ಎದುರಾಗುವುದು, ಹಿಮ್ಮೆಟ್ಟುವುದು ಪರದೆಯ ಮೇಲೆ ಯಾರಿಗೂ ತಿಳಿಯುತ್ತದೆ. ಆದರೆ ಹಿಮ್ಮೆಟ್ಟಿದವನು ಹೇಡಿಯೋ ವಿವೇಕಿಯೋ ಎಂಬುದನ್ನು ತಿಳಿಸುವುದು ಭಾಗವತಿಕೆ ಮತ್ತು ಪರಂಪರೆ. ಮೇಲಿನ ಪ್ರಯೋಗಗಳು ಮೊದಲನೆಯದನ್ನು ವಿವರಿಸಬಲ್ಲವು, ಎರಡನೆಯದನ್ನಲ್ಲ. ಎಲ್ಲ ಮನುಷ್ಯರಿಗೂ ಸಮಾನವಾದ ಗ್ರಹಿಕೆಯನ್ನು ಒಂದು ಸಮುದಾಯದ ಮೌಢ್ಯವೆನ್ನುವುದೂ, ಸಮುದಾಯವು ಕಟ್ಟಿದ ಮೌಲ್ಯವನ್ನು ಸಹಜ ಗ್ರಹಿಕೆಯೆನ್ನುವುದೂ ಸಮಾನ ದೋಷಗಳೇ. ಈ ಎರಡು ನೆಲೆಗಳನ್ನು ಬೇರ್ಪಡಿಸಿ ನೋಡುವುದು ಜಾನಪದ ಸಂಶೋಧನೆಯ ಹೊಣೆ.